ಆರೈಕೆಯನ್ನು ಅಳೆಯುವ ಬಗೆ

ಪುತ್ತೂರು, ಸುಳ್ಯ, ಕಡಬದ ಕಡೆಗಳಲ್ಲಿ ನರ್ಸಿಂಗ್ ಹೋಮ್ ಎಂದೊಡನೆ ಜನರ ಮನಸ್ಸಿಗೆ ಬರುವುದು, ಹೆರಿಗೆಗೋ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೋ ಹೋಗಿ ನಾಲ್ಕು ದಿನ ಮಲಗಿ ಎದ್ದುಬರುವ ಖಾಸಗಿ ಆಸ್ಪತ್ರೆ. ಪಾಶ್ಚಾತ್ಯ ದೇಶಗಳಲ್ಲಿ ಅದೇ ಹೆಸರಿಗೆ ಬೇರೆಯೇ ಅರ್ಥವುಂಟು. ಪೂರ್ಣವಾಗಿ ವಾಸಿಯಾಗುವ ನಿರೀಕ್ಷೆಯಿಲ್ಲದೆ, ಉಣ್ಣಲು, ಏಳಲು, ಹೊರಳಲು ಸಹ ಪರರ ಕೈಯ ಆಸರೆ ಬೇಕಾದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಲ ಕಳೆಯುವ ಮನೆ ಅದು. ಈ ವ್ಯತ್ಯಾಸವು ಬರಿಯ ಹೆಸರಿನದಲ್ಲ. ಮೊದಲನೆಯ ಬಗೆಯ ಆಸ್ಪತ್ರೆಯ ಗುಣಾವಗುಣಗಳನ್ನು ಊರು ತಾನಾಗಿಯೇ ಹೇಳುತ್ತದೆ. ಹೋದವರು ಗುಣಹೊಂದಿ ಬಂದರೆ ಹೊಗಳುತ್ತಾರೆ, ಇಲ್ಲದಿದ್ದರೆ ತೆಗಳುತ್ತಾರೆ. ಎರಡನೆಯ ಬಗೆಯ ಮನೆಯಿಂದ ಗುಣಹೊಂದಿ ಬರುವವರು ವಿರಳ. ಅಲ್ಲಿರುವವರಲ್ಲಿ ಅನೇಕರು ದೂರು ಹೇಳಬಲ್ಲ ಸ್ಥಿತಿಯಲ್ಲಿಯೂ ಇರುವುದಿಲ್ಲ. ಹಾಗಿದ್ದ ಮೇಲೆ ಅಲ್ಲಿಯ ಆರೈಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತಿಳಿಯುವುದು ಹೇಗೆ? ಇದು ಕರುಣೆಯ ಪ್ರಶ್ನೆ, ವಿಜ್ಞಾನಕ್ಕೆ ಇಲ್ಲೇನು ಕೆಲಸವೆಂದು ಹಲವರು ಭಾವಿಸುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಆರೈಕೆಯನ್ನು ಅಳೆಯಬಹುದು, ಅಳೆದುದನ್ನು ಬಾಗಿಲಲ್ಲಿ ತೂಗುಹಾಕಿಸಲೂಬೇಕು ಎಂಬುದು ನಮ್ಮ ಅಭಿಪ್ರಾಯ.

ಈ ಪ್ರದೇಶಕ್ಕೆ ಇದು ದೂರದ ಮಾತಲ್ಲ. ಈ ಮೂರು ತಾಲೂಕುಗಳಲ್ಲಿ ಊರೆಂದರೆ ಒತ್ತಾಗಿ ಕೂಡಿದ ಮನೆಗಳ ಗುಂಪಲ್ಲ. ಗುಡ್ಡದ ಬುಡದಲ್ಲೊಂದು, ತೋಟದ ತಲೆಯಲ್ಲೊಂದು ಮನೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನೆರೆಯವರಿದ್ದರೆ ಅದೇ ಭಾಗ್ಯ. ಮಕ್ಕಳು ಓದು ಮುಗಿಸಿ ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳೆಂದು ಚೆದರಿಹೋದ ಮೇಲೆ ಅಡಕೆ ತೋಟದ ನಡುವಿನ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿಯುವುದು ಈಗ ಸಾಮಾನ್ಯವಾಗಿದೆ. ೨೦೧೧ರ ಜನಗಣತಿಯಲ್ಲಿ ಅರುವತ್ತು ದಾಟಿದವರು ಭಾರತದಲ್ಲಿ ನೂರಕ್ಕೆ ೮.೬, ಕರ್ನಾಟಕದಲ್ಲಿ ೯.೫, ಸುಳ್ಯದಿಂದ ಕೆಲವೇ ಮೈಲು ಆಚೆಗಿರುವ ಕೇರಳದಲ್ಲಿ ೧೨.೬ ಇದ್ದರು. ಕೇರಳ ಇಂದು ನಡೆಯುತ್ತಿರುವ ದಾರಿಯಲ್ಲೇ ದಕ್ಷಿಣ ಕನ್ನಡವೂ ನಡೆದಿದೆ.

ಹಾಸಿಗೆ ಹಿಡಿಯುವವರು ವೃದ್ಧರು ಮಾತ್ರವೇ ಎಂದೂ ತಿಳಿಯಬಾರದು. ಅಡಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿ ಕಡಿದುಹೋಗಿ, ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದಂತಾದ ತರುಣರು ಈ ಸೀಮೆಯಲ್ಲಿದ್ದಾರೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕಥೆಯನ್ನು ವಾಚಕರು ಬಲ್ಲರು. ಕಾಸರಗೋಡಿನ ಹೆಸರು ಹೆಚ್ಚು ಕೇಳಿಬಂದರೂ ನಮ್ಮ ಜಿಲ್ಲೆಯ ಗ್ರಾಮಗಳೂ ಅದರ ಕೆಳಗಿದ್ದುವು. ೨೦೧೧ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧ ಪಟ್ಟಿಗೆ ಆ ವಿಷ ಸೇರಿತು. ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆಯಿತು. ಯಾವ ರೋಗಕ್ಕೆ ಅದು ಎಷ್ಟರಮಟ್ಟಿಗೆ ಕಾರಣ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಮುಂದಿರುವ ಸಂಗತಿ ಇಷ್ಟೆ: ಈಗ ಕಡಬ ತಾಲೂಕಿಗೆ ಸೇರಿರುವ ಕೊಯಿಲದಲ್ಲಿಯೂ, ನೆರೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿಯೂ ಪೀಡಿತರಿಗಾಗಿ ಹಗಲು ಪಾಲನಾ ಕೇಂದ್ರಗಳು ತೆರೆದುವು. ತಾಯಂದಿರಿಗೆ ಹಗಲಿನಲ್ಲಿ ಕೆಲವು ಗಂಟೆಗಳ ಬಿಡುವು ಸಿಕ್ಕಿದ್ದು ಸಣ್ಣ ಉಪಕಾರವಲ್ಲ. ಆದರೆ ಹಗಲು ಕೇಂದ್ರಕ್ಕೆ ಸಂಜೆಯೆಂಬುದೊಂದು ಇದ್ದೇ ಇದೆ. ರಾತ್ರಿ ತಾಯಿಯದು; ಆ ತಾಯಿಯೂ ಮುಪ್ಪಾಗುತ್ತಾಳೆ. ಇಂದಲ್ಲ ನಾಳೆ ಈ ತಾಲೂಕುಗಳಲ್ಲಿ ಹಗಲಿರುಳು ತೆರೆದಿರುವ ಶುಶ್ರೂಷಾಲಯಗಳು ಹೆಚ್ಚಬೇಕಾಗುತ್ತದೆ, ಹೆಚ್ಚಿಯೂ ಹೆಚ್ಚುತ್ತವೆ. ಅವು ಹೇಗಿರಬೇಕೆಂದು ಕೇಳಲು ಈಗಲೇ ಕಲಿತಿರುವುದು ಮೇಲು.

ನೋಡಲು ಹೋದವರು ಸಾಮಾನ್ಯವಾಗಿ ಏನನ್ನು ನೋಡುತ್ತಾರೆ? ಕಟ್ಟಡದ ಬಣ್ಣ, ನೆಲದ ಹೊಳಪು, ಅಂಗಳದ ಹೂದೋಟ, ಕಚೇರಿಯಲ್ಲಿ ಕುಳಿತವರ ನಯವಾದ ಮಾತು. ಇವು ಯಾವುವೂ ಕೆಟ್ಟವಲ್ಲ. ಆದರೆ ಇವೆಲ್ಲ ನೋಡಲು ಬರುವವರ ಕಣ್ಣಿಗಾಗಿ ಇರುವ ವಸ್ತುಗಳು. ಒಳಗೆ ಮಲಗಿದವನ ಕಣ್ಣಿಗೆ ಬೀಳುವುದು ಮೇಲಿನ ಹಂಚೊಂದೇ. ಅವನಿಗೆ ಆರೈಕೆ ನಡೆದಿದೆಯೇ ಇಲ್ಲವೇ ಎಂಬುದು ಬರೆದಿರುವುದು ಅವನ ಬೆನ್ನಿನ ಮೇಲೆ.

ಇದು ಅಲಂಕಾರದ ಮಾತಲ್ಲ. ನಮ್ಮ ಚರ್ಮದ ಕೆಳಗಿನ ಕಿರುರಕ್ತನಾಳಗಳಲ್ಲಿ ರಕ್ತದ ಒತ್ತಡ ಬಲು ಕಡಿಮೆ. ಅವುಗಳ ಹೃದಯದ ಕಡೆಯ ತುದಿಯಲ್ಲಿಯೂ ಅದು ಸುಮಾರು ೩೨ ಮಿಲಿಮೀಟರ್ ಪಾದರಸದಷ್ಟು ಮಾತ್ರ. ಮಲಗಿದಾಗ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸದ ಮೇಲೆ ಇದಕ್ಕಿಂತ ಹೆಚ್ಚಿನ ಒತ್ತಡ ಸುಲಭವಾಗಿ ಬೀಳುತ್ತದೆ. ಆಗ ಆ ಜಾಗಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಆರೋಗ್ಯವಂತನು ನಿದ್ರೆಯಲ್ಲಿಯೂ ತಾನರಿಯದೆ ಮಗ್ಗುಲು ಬದಲಿಸುತ್ತಾನೆ. ನೋವೇ ಅವನನ್ನು ಹೊರಳಿಸುತ್ತದೆ. ಪಾರ್ಶ್ವವಾಯು ಬಡಿದವನಿಗೆ ಹೊರಳುವ ಶಕ್ತಿಯಿಲ್ಲ. ಬೆನ್ನುಹುರಿ ಕಡಿದವನಿಗೆ ನೋವಿನ ಅರಿವೂ ಇಲ್ಲ. ಕೆಲವು ಗಂಟೆಗಳಲ್ಲೇ ಸೊಂಟದ ಹಿಂಬದಿ, ಹಿಮ್ಮಡಿ, ತೊಡೆಯ ಸಂದು ಮೊದಲಾದ ಕಡೆಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಮೊದಲು ಕೆಂಪು, ಬಳಿಕ ಗುಳ್ಳೆ, ಬಳಿಕ ಮೂಳೆ ಕಾಣುವಷ್ಟು ಆಳವಾದ ಕುಳಿ. ಹಾಸಿಗೆ ಹುಣ್ಣೆಂದು ನಾವು ಕರೆಯುವುದು ಇದನ್ನೇ. ೧೯೫೯ರಲ್ಲಿ ಮೈಕೆಲ್ ಕೊಸಿಯಾಕ್ ಎಂಬ ಅಮೆರಿಕದ ವೈದ್ಯನು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಹೆಚ್ಚು ಒತ್ತಡವಿದ್ದರೆ ಅಲ್ಪಕಾಲದಲ್ಲಿಯೂ, ಕಡಿಮೆ ಒತ್ತಡವಾದರೆ ದೀರ್ಘಕಾಲದಲ್ಲಿಯೂ ಒಂದೇ ತೆರನಾದ ಹಾನಿಯಾಗುವುದೆಂದು ತೋರಿಸಿದನು. ಆದುದರಿಂದ ಇಲ್ಲಿ ಔಷಧಕ್ಕಿಂತ ಗಡಿಯಾರವೇ ಮುಖ್ಯ.

ಈ ಸತ್ಯವನ್ನು ಲೋಕಕ್ಕೆ ಮನಗಾಣಿಸಿದವನು ಲುಡ್ವಿಗ್ ಗುಟ್‌ಮನ್. ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ಈ ಯಹೂದಿ ವೈದ್ಯನಿಗೆ ೧೯೪೪ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ, ಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರ ವಿಭಾಗವನ್ನು ವಹಿಸಿಕೊಟ್ಟರು. ಅಂಥ ರೋಗಿಗಳು ಬಹುಮಟ್ಟಿಗೆ ಹುಣ್ಣಿನ ನಂಜಿನಿಂದಲೋ ಮೂತ್ರಕೋಶದ ನಂಜಿನಿಂದಲೋ ಬೇಗನೆ ಸಾಯುವರೆಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲವದು. ಹಗಲೂ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಲೇಬೇಕೆಂದು ಗುಟ್‌ಮನ್ ಕಟ್ಟುಮಾಡಿದನು. ಸಾಯಬೇಕಾದವರು ಬದುಕಿದರು, ಬದುಕಿದವರಿಗೆ ಆಟಪಾಟಗಳು ಬೇಕೆಂದು ಅವನು ೧೯೪೮ರಲ್ಲಿ ಏರ್ಪಡಿಸಿದ ಪಂದ್ಯಗಳೇ ಮುಂದೆ ಪ್ಯಾರಾಲಿಂಪಿಕ್ ಕ್ರೀಡೆಗಳಾಗಿ ಬೆಳೆದುವು. ಡೋರೀನ್ ನಾರ್ಟನ್ ಎಂಬ ಇಂಗ್ಲಿಷ್ ದಾದಿಯು ತನ್ನ ಸಹೋದ್ಯೋಗಿಗಳೊಡನೆ ೧೯೬೨ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಷ್ಟೇ ಬೆಲೆಯುಳ್ಳದ್ದು. ಅಂದಿನ ಆಸ್ಪತ್ರೆಗಳಲ್ಲಿ ಬೆನ್ನಿಗೆ ಹಚ್ಚುತ್ತಿದ್ದ ನಾನಾ ಲೇಪಗಳಿಗಿಂತ ತಪ್ಪದೆ ಹೊರಳಿಸುವುದೇ ಹುಣ್ಣನ್ನು ತಡೆಯುವುದೆಂದು ಆಕೆ ಕಂಡಳು. ರೋಗಿಯ ದೇಹಸ್ಥಿತಿ, ಮನಸ್ಸಿನ ಸ್ಥಿತಿ, ನಡೆದಾಟ, ಅಂಗಗಳ ಚಲನೆ, ಮಲಮೂತ್ರಗಳ ಹತೋಟಿ ಈ ಐದಕ್ಕೆ ಒಂದರಿಂದ ನಾಲ್ಕರವರೆಗೆ ಅಂಕಗಳನ್ನು ಕೊಟ್ಟು ಕೂಡಿಸಿದಾಗ ೧೪ ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ರೋಗಿ ಅಪಾಯದಲ್ಲಿದ್ದಾನೆಂದು ಆಕೆಯ ಅಳತೆಗೋಲು ಹೇಳುತ್ತದೆ. ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಕಣ್ಣು, ಪೆನ್ಸಿಲು, ಒಂದು ಚೂರು ಕಾಗದ ಸಾಕು.

ಕೆಂಪಾದ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಕ್ಷಣಕಾಲ ಬಿಳಚಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ. ಬಿಳಚದೆ ಹಾಗೆಯೇ ಉಳಿದರೆ ಹುಣ್ಣು ಆರಂಭವಾಗಿದೆ. ನಮ್ಮವರ ಕಪ್ಪು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣದು. ಅಲ್ಲಿ ಬಿಸಿಯನ್ನೂ ಗಡಸುತನವನ್ನೂ ಮುಟ್ಟಿ ತಿಳಿಯಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ನಮ್ಮ ಮನೆಗಳ ಪದ್ಧತಿಯಿಂದ ಉಪಕಾರಕ್ಕೆ ಬದಲು ಅಪಕಾರವಾಗುತ್ತದೆ ಎಂಬುದನ್ನೂ ಪ್ರಸಂಗವಶಾತ್ ಹೇಳಿಬಿಡುತ್ತೇವೆ.

ಇನ್ನು ಸ್ವಲ್ಪ ಲೆಕ್ಕ. ಒಂದು ಶುಶ್ರೂಷಾಲಯದಲ್ಲಿ ತಾವಾಗಿ ಹೊರಳಲಾರದವರು ೨೦ ಮಂದಿ ಇದ್ದಾರೆಂದು ಇಟ್ಟುಕೊಳ್ಳೋಣ. ರಾತ್ರಿ ಒಂಬತ್ತರಿಂದ ಬೆಳಗಿನ ಐದರ ತನಕ ಎಂಟು ಗಂಟೆ. ಎರಡು ಗಂಟೆಗೊಮ್ಮೆಯಾದರೆ ಒಬ್ಬೊಬ್ಬರಿಗೆ ನಾಲ್ಕು ಸಲ, ಒಟ್ಟು ೮೦ ಸಲ ಹೊರಳಿಸಬೇಕು. ಒಂದು ಸಲಕ್ಕೆ ಐದು ನಿಮಿಷವೆಂದರೆ ೪೦೦ ನಿಮಿಷ. ಭಾರದ ದೇಹವನ್ನು ಎಳೆಯದೆ ಎತ್ತಿ ಹೊರಳಿಸಲು ಇಬ್ಬರು ಬೇಕು. ಅಲ್ಲಿಗೆ ೮೦೦ ನಿಮಿಷಗಳ ದುಡಿಮೆ. ಒಬ್ಬ ಆಳಿಗೆ ಆ ರಾತ್ರಿಯಲ್ಲಿ ಇರುವುದೇ ೪೮೦ ನಿಮಿಷ. ಇಬ್ಬರಿದ್ದರೂ ನೀರು ಕುಡಿಸಲು, ಒದ್ದೆಯಾದ ಬಟ್ಟೆ ಬದಲಿಸಲು, ಅಳುವವರನ್ನು ಸಂತೈಸಲು ಇಬ್ಬರ ಪಾಲಿಗೂ ಸೇರಿ ೧೬೦ ನಿಮಿಷ ಉಳಿಯುತ್ತದೆ. ಒಳ್ಳೆಯ ನೊರೆರಬ್ಬರಿನ ಹಾಸಿಗೆಗಳಿದ್ದಲ್ಲಿ ಮೂರು ಅಥವಾ ನಾಲ್ಕು ಗಂಟೆಗೊಮ್ಮೆ ಹೊರಳಿಸಿದರೂ ಹುಣ್ಣುಗಳು ಹೆಚ್ಚಾಗಲಿಲ್ಲವೆಂದು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದೆ; ಆಗ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಆಗಲೂ ಇಬ್ಬರು ಬೇಕೇ ಬೇಕು. ಆದಕಾರಣ, ಇಷ್ಟು ಮಂದಿ ರೋಗಿಗಳಿಗೆ ರಾತ್ರಿ ಒಬ್ಬನೇ ಆಳೆಂದು ತಿಳಿದುಬಂದರೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ಒಂದೇ ಶಾಯಿಯಲ್ಲಿ ಒಪ್ಪವಾಗಿ ಹಾಕಿದ ಗುರುತುಗಳನ್ನು ನಂಬಬೇಕಾಗಿಲ್ಲ. ಗುಣಾಕಾರ ಬಲ್ಲ ಹೈಸ್ಕೂಲು ವಿದ್ಯಾರ್ಥಿಯನ್ನು ಆ ಪಟ್ಟಿ ಮೋಸಗೊಳಿಸಲಾರದು.

ಎರಡನೆಯ ಗುರುತು ನೀರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಮೂತ್ರಪಿಂಡಗಳಿಗೆ ನೀರನ್ನು ಉಳಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಹೀಗಾಗಿ ಮುದುಕರು ಕೇಳದಿದ್ದರೂ ಕುಡಿಸಬೇಕು. ಆದರೆ ಕುಡಿಸಿದಷ್ಟೂ ಹಾಸಿಗೆ ಒದ್ದೆಯಾಗುತ್ತದೆ, ಒಗೆಯುವ ಕೆಲಸ ಹೆಚ್ಚುತ್ತದೆ. ಮಳೆಗಾಲದಲ್ಲಿ, ಘಟ್ಟದ ಬುಡದ ಸುಳ್ಯ, ಕಡಬಗಳಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದೇ ಇಲ್ಲ. ಸಂಜೆ ಐದರ ಮೇಲೆ ನೀರು ಕೊಡದಿರುವ ದುರಭ್ಯಾಸ ಹುಟ್ಟುವುದು ಹೀಗೆ, ಕ್ರೌರ್ಯದಿಂದಲ್ಲ. ನೀರು ಸಾಲದ ವೃದ್ಧನು ಮಂಕಾಗುತ್ತಾನೆ, ಅಸಂಬದ್ಧವಾಗಿ ಮಾತನಾಡುತ್ತಾನೆ, ಎದ್ದರೆ ತಲೆತಿರುಗಿ ಬೀಳುತ್ತಾನೆ. ನೋಡಿದವರು ವಯಸ್ಸಿನ ದೋಷವೆನ್ನುತ್ತಾರೆ. ಕೈಗೆಟಕುವಲ್ಲಿ ನೀರಿನ ಲೋಟ ಇದೆಯೇ, ಅದನ್ನು ಎತ್ತಲಾರದವನಿಗೆ ಯಾರಾದರೂ ಎತ್ತಿಕೊಡುತ್ತಾರೆಯೇ ಎಂದು ನೋಡಬೇಕು. ನಮ್ಮ ಕಡೆಯ ಕುಚ್ಚಲಕ್ಕಿ ಗಂಜಿ ಈ ವಿಷಯದಲ್ಲಿ ಬಹಳ ಒಳ್ಳೆಯ ಆಹಾರ. ಅನ್ನವೂ ಅದೇ, ನೀರೂ ಅದೇ, ಉಪ್ಪೂ ಅದರಲ್ಲೇ. ಅತಿಥಿಗಳ ಮುಂದೆ ಮಿನುಗುವ ಭೋಜನದ ಪಟ್ಟಿಯನ್ನು ತೋರಿಸಿ, ಅಗಿಯಲಾರದವನ ಮುಂದೆ ಚಪಾತಿಯಿಟ್ಟು ಹೋಗುವ ಮನೆಗಿಂತ, ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಗಂಜಿ ಕುಡಿಸುವ ಮನೆಯನ್ನೇ ನಾವು ಆರಿಸಿಕೊಳ್ಳುತ್ತೇವೆ.

ಮೂರನೆಯದನ್ನು ಯಾವ ಪಾಶ್ಚಾತ್ಯ ಅಳತೆಗೋಲೂ ನಮಗಾಗಿ ಬರೆದಿಡಲಾರದು. ಈ ಮೂರು ತಾಲೂಕುಗಳಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಟಿ ಎಲ್ಲ ಮನೆಮಾತುಗಳೇ. ಶಾಲೆಯಲ್ಲಿ ಕಲಿತದ್ದು ಕನ್ನಡ. ಮರೆವಿನ ರೋಗ ಬಂದವರಲ್ಲಿ ಹಲವರಿಗೆ ತರುವಾಯ ಕಲಿತ ಭಾಷೆ ಮೊದಲು ಕಳಚಿಹೋಗಿ ತಾಯಿಯ ಭಾಷೆ ಕೊನೆಯವರೆಗೆ ಉಳಿಯುವುದನ್ನು ವೈದ್ಯರು ಕಂಡಿದ್ದಾರೆ. ಬಂಜಿ ಬೇನೆ ಎಂದು ತುಳುವಿನಲ್ಲಿ ನರಳುವ ಮುದುಕಿಗೆ ಹೊಟ್ಟೆ ನೋಯುತ್ತಿದೆ ಎಂಬುದು ಊರಿನವರಿಗೆ ಗೊತ್ತು. ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ದುಡಿಯಲು ಬಂದ ದಾದಿಗೆ ಅದು ಗೊತ್ತಾಗುವುದೆಂತು? ಅವಳನ್ನು ದೂರುವಂತಿಲ್ಲ. ಆದರೆ ನೋವನ್ನು ಹೇಳಿದರೂ ಕೇಳಿಸದೆ ಹೋದ ಮುದುಕಿ ಕೂಗಾಡುತ್ತಾಳೆ. ಕೂಗಾಡುವವಳಿಗೆ ನಿದ್ರೆಯ ಮಾತ್ರೆ ಕೊಡುತ್ತಾರೆ. ಮಾತ್ರೆಯಿಂದ ಅವಳು ಅಲುಗದೆ ಮಲಗುತ್ತಾಳೆ. ಅಲುಗದವಳ ಬೆನ್ನು ಹುಣ್ಣಾಗುತ್ತದೆ. ಹತ್ತಿಪ್ಪತ್ತು ತುಳು ಶಬ್ದಗಳನ್ನೂ ಅಷ್ಟೇ ಅರೆಭಾಷೆಯ ಶಬ್ದಗಳನ್ನೂ ಹೊಸ ದಾದಿಗೆ ಕಲಿಸಿಕೊಡುವುದಕ್ಕೆ ಏನು ಖರ್ಚು ತಗಲೀತು? ಹಗಲು ಹೊತ್ತಿನಲ್ಲಿ ಇಡೀ ಕೋಣೆ ನಿಶ್ಶಬ್ದವಾಗಿ ಮಲಗಿದ್ದರೆ ಅದನ್ನು ಶಾಂತಿಯೆಂದು ಮೆಚ್ಚದೆ, ಎಷ್ಟು ಮಂದಿಗೆ ನಿದ್ರೆಯ ಔಷಧ ನಡೆದಿದೆ, ಎಷ್ಟು ಮಂದಿಯನ್ನು ಮಂಚಕ್ಕೆ ಕಟ್ಟುತ್ತೀರಿ ಎಂದು ಕೇಳಲು ಹಿಂಜರಿಯಬಾರದು. ಹಾಗೆ ಕಟ್ಟಿಹಾಕುವುದನ್ನು ಅಮೆರಿಕದಲ್ಲಿ ೧೯೮೭ರ ಒಂದು ಕಾನೂನು ನಿರ್ಬಂಧಿಸಿದ ಮೇಲೆ ಆ ಅಭ್ಯಾಸ ಬಹಳ ಮಟ್ಟಿಗೆ ಇಳಿಯಿತು.

ಅಳೆಯುವುದರಲ್ಲಿಯೂ ಮೋಸಹೋಗುವ ದಾರಿಗಳಿವೆ. ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವೆಡಿಸ್ ಡೊನಬೇಡಿಯನ್ ಎಂಬ ವಿದ್ವಾಂಸನು ೧೯೬೬ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆರೈಕೆಯ ಗುಣವನ್ನು ಮೂರು ಕಡೆಗಳಿಂದ ನೋಡಬಹುದೆಂದನು: ಇರುವ ಸಾಧನಗಳು, ನಡೆಯುವ ಕೆಲಸ, ಕೊನೆಗೆ ಬರುವ ಫಲ. ನಮ್ಮ ಕಾನೂನುಗಳು ಬಹುಮಟ್ಟಿಗೆ ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಹಿರಿಯ ನಾಗರಿಕರ ಪಾಲನೆಯ ೨೦೦೭ರ ಕಾಯಿದೆಯು ಜಿಲ್ಲೆಗೊಂದಾದರೂ, ಕನಿಷ್ಠ ೧೫೦ ಮಂದಿ ನಿರ್ಗತಿಕ ವೃದ್ಧರಿಗೆ ಎಡೆಯುಳ್ಳ ವೃದ್ಧಾಶ್ರಮದ ಮಾತನ್ನು ಹೇಳುತ್ತದೆ. ಅದೇ ವರ್ಷದ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು ಆಸ್ಪತ್ರೆಗಳು ದರಪಟ್ಟಿಯನ್ನು ತೂಗುಹಾಕಬೇಕೆನ್ನುತ್ತದೆ. ಎಷ್ಟು ಮಂಚ, ಎಷ್ಟು ದುಡ್ಡು ಎಂಬುದು ಇವುಗಳಿಂದ ತಿಳಿಯುತ್ತದೆ. ಮಂಚದ ಮೇಲಿದ್ದವನ ಬೆನ್ನು ಹೇಗಿದೆ ಎಂಬುದು ತಿಳಿಯದು.

ಫಲವನ್ನೇ ಎಣಿಸಿಬಿಡೋಣ ಎಂದರೆ ಅಲ್ಲಿಯೂ ಎಚ್ಚರ ಬೇಕು. ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ದಾದಿಯೆಂದೇ ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧಳು; ಅಂಕಿಸಂಖ್ಯೆಗಳಲ್ಲಿ ಆಕೆಗಿದ್ದ ಪ್ರಭುತ್ವವನ್ನು ಹೇಳುವವರು ಕಡಿಮೆ. ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ೧೮೫೫ರ ಫೆಬ್ರುವರಿಯಲ್ಲಿ ನೂರಕ್ಕೆ ೪೨ರಷ್ಟಿದ್ದ ಸಾವು, ಚರಂಡಿಗಳನ್ನು ಶುದ್ಧಗೊಳಿಸಿ ಗಾಳಿಗೆ ದಾರಿ ಮಾಡಿದ ಬಳಿಕ, ಜೂನ್ ಹೊತ್ತಿಗೆ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಒಂದೇ ಆಸ್ಪತ್ರೆಯ ಹಿಂದಿನದನ್ನೂ ಇಂದಿನದನ್ನೂ ಹೋಲಿಸಿದ್ದರಿಂದ ಆ ಅಂಕಿಗಳಿಗೆ ಬಲ ಬಂತು. ಎರಡು ಬೇರೆ ಬೇರೆ ಮನೆಗಳನ್ನು ಹೋಲಿಸುವಾಗ ಹೀಗಾಗುತ್ತದೆ ನೋಡಿ. ಒಂದು ಮನೆಯಲ್ಲಿ ೪೦ ಮಂದಿ. ೩೬ ಮಂದಿ ನಡೆದಾಡುವವರು, ನಾಲ್ವರು ಮಾತ್ರ ಹಾಸಿಗೆ ಹಿಡಿದವರು. ವರ್ಷದಲ್ಲಿ ಇಬ್ಬರಿಗೆ ಹುಣ್ಣಾಯಿತು. ಇನ್ನೊಂದರಲ್ಲಿಯೂ ೪೦ ಮಂದಿ. ಆದರೆ ೩೦ ಮಂದಿ ಹಾಸಿಗೆ ಹಿಡಿದವರು, ಹುಣ್ಣಾದವರು ಆರು ಮಂದಿ. ಒಟ್ಟು ಲೆಕ್ಕದಲ್ಲಿ ಮೊದಲನೆಯದು ನೂರಕ್ಕೆ ಐದು, ಎರಡನೆಯದು ನೂರಕ್ಕೆ ಹದಿನೈದು, ಮೊದಲನೆಯದೇ ಉತ್ತಮವೆನ್ನುವಿರಿ. ಅಪಾಯವಿದ್ದವರನ್ನಷ್ಟೇ ಎಣಿಸಿದರೆ ಮೊದಲನೆಯದರಲ್ಲಿ ನೂರಕ್ಕೆ ೫೦, ಎರಡನೆಯದರಲ್ಲಿ ೨೦. ತೀರ್ಪು ತಲೆಕೆಳಗಾಯಿತು. ಅಷ್ಟರಿಂದಲೂ ಅವಸರಪಡಬಾರದು: ನಾಲ್ವರಲ್ಲಿ ಒಬ್ಬನಿಗೆ ಹುಣ್ಣಾಗದೆ ಉಳಿದಿದ್ದರೆ ಆ ೫೦ ಎಂಬುದು ೨೫ ಆಗುತ್ತಿತ್ತು. ಚಿಕ್ಕ ಮನೆಯ ಒಂದು ವರ್ಷದ ಅಂಕಿಯನ್ನು ನೋಡಿ ತಲೆದಂಡ ಕೇಳಬಾರದು. ಮೂರು ನಾಲ್ಕು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡಬೇಕು. ಮನೆಯಿಂದ ಬರುವಾಗಲೇ ಇದ್ದ ಹುಣ್ಣನ್ನು ಶುಶ್ರೂಷಾಲಯದ ಲೆಕ್ಕಕ್ಕೆ ಹಾಕಬಾರದು. ಅದಕ್ಕೆ ಸೇರಿಸಿಕೊಂಡ ದಿನವೇ ಚರ್ಮವನ್ನು ನೋಡಿ ಬರೆದಿಡಬೇಕು. ಇದನ್ನು ಬರೆದಿಡದ ಮನೆಯು ಮುಂದೆ ತನ್ನನ್ನು ಸಮರ್ಥಿಸಿಕೊಳ್ಳಲಾರದು.

ನಮ್ಮ ಸೂಚನೆ ಇಷ್ಟು. ದರಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಲಗೆ ಇರಲಿ. ಈ ತಿಂಗಳಲ್ಲಿ ಹಾಸಿಗೆ ಹಿಡಿದವರೆಷ್ಟು, ಇಲ್ಲಿಗೆ ಬಂದ ಮೇಲೆ ಹುಣ್ಣಾದವರೆಷ್ಟು, ಬಿದ್ದವರೆಷ್ಟು, ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಕೆಲಸಗಾರರಿದ್ದಾರೆ ಎಂಬ ನಾಲ್ಕು ಅಂಕಿಗಳು ಅದರ ಮೇಲಿರಲಿ. ಇದಕ್ಕೆ ಕೆಲವರ ಆಕ್ಷೇಪ ಬಂದೇ ಬರುತ್ತದೆ. ದಾನಿಗಳ ಕೈ ನೋಡಿ ನಡೆಯುವ ಸಣ್ಣ ಸಂಸ್ಥೆಗಳು ಇದರಿಂದ ಹೆದರಿ ಬಾಗಿಲು ಮುಚ್ಚುತ್ತವೆ ಎನ್ನುತ್ತಾರೆ. ಅಂಕಿ ಚೆನ್ನಾಗಿ ಕಾಣಲೆಂದು ಕಷ್ಟದ ರೋಗಿಗಳನ್ನೇ ಸೇರಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ಎರಡನೆಯದಕ್ಕೆ ಉತ್ತರವು ಹಲಗೆಯಲ್ಲೇ ಇದೆ: ಹಾಸಿಗೆ ಹಿಡಿದವರ ಸಂಖ್ಯೆಯನ್ನು ಮೊದಲು ಬರೆಯಿಸುವುದು ಅದಕ್ಕಾಗಿಯೇ. ಅದು ಹೆಚ್ಚಿದ್ದಷ್ಟೂ ಆ ಮನೆಗೆ ಗೌರವ. ಮೊದಲನೆಯ ಆಕ್ಷೇಪದಲ್ಲಿ ಹುರುಳಿದೆ. ಆದರೆ ದಾನ ಕೊಡುವವರು ಇಂದು ಹೊಸ ಕಟ್ಟಡಕ್ಕೆ, ಮಂಚಕ್ಕೆ, ಹೆಸರು ಕೆತ್ತಿದ ಕಲ್ಲಿಗೆ ಕೊಡುತ್ತಾರೆ. ರಾತ್ರಿಯ ಆಳಿನ ಸಂಬಳಕ್ಕೆ ಕೊಡುವವರು ಅಪರೂಪ. ಹಲಗೆಯ ಮೇಲೆ ರಾತ್ರಿ ಒಬ್ಬನೇ ಎಂದು ಬರೆದಿದ್ದರೆ ಎಲ್ಲಿ ಕೊರತೆಯೆಂದು ದಾನಿಗೂ ತಿಳಿದೀತು.

ಮೂರನೆಯ ಆಕ್ಷೇಪವೇ ಕಠಿಣವಾದುದು: ಸುಳ್ಳು ಅಂಕಿ ಬರೆದರೇನು? ಅಮೆರಿಕದ ಸರಕಾರ ೨೦೦೮ರಿಂದ ಅಲ್ಲಿಯ ನರ್ಸಿಂಗ್ ಹೋಮುಗಳಿಗೆ ಒಂದರಿಂದ ಐದು ನಕ್ಷತ್ರಗಳ ಅಂಕವನ್ನು ಕೊಡತೊಡಗಿತು. ಕೆಲಸಗಾರರ ಸಂಖ್ಯೆಯನ್ನು ಮೊದಮೊದಲು ಆಯಾ ಮನೆಯವರೇ ಬರೆದುಕೊಡುತ್ತಿದ್ದರು. ಆ ಕ್ರಮ ನೆಚ್ಚತಕ್ಕದ್ದಲ್ಲವೆಂದು ಕಂಡುಬಂದು, ೨೦೧೮ರಿಂದ ಸಂಬಳದ ದಾಖಲೆಗಳಿಂದಲೇ ಆ ಸಂಖ್ಯೆಯನ್ನು ತೆಗೆದುಕೊಳ್ಳುತ್ತಾರೆ. ಸಂಬಳ ಕೊಟ್ಟದ್ದಕ್ಕೆ ಲೆಕ್ಕ ಇರಲೇಬೇಕಷ್ಟೆ! ನಮ್ಮಲ್ಲಿ ಅಂಥ ಏರ್ಪಾಡು ಆಗುವ ತನಕ ಕಣ್ಣಾರೆ ನೋಡುವುದೇ ದಾರಿ. ನೋಡಹೋಗುವವರು ಭಾನುವಾರ ಬೆಳಗ್ಗೆ ಹಣ್ಣಿನ ಬುಟ್ಟಿ ಹಿಡಿದು ಹೋಗದೆ, ವಾರದ ನಡುವೆ ಸಂಜೆ ಏಳರ ಮೇಲೆ, ಸಾಧ್ಯವಾದರೆ ವಿದ್ಯುತ್ತು ಹೋದ ಮಳೆಯ ದಿನದಲ್ಲಿ ಹೋಗಲಿ. ಮೂಗಿಗೂ ಸ್ವಲ್ಪ ಕೆಲಸ ಕೊಡಲಿ. ಮೂತ್ರದ ವಾಸನೆ ಒಮ್ಮೆ ಬಂದರೆ ಈಗತಾನೆ ಯಾರಿಗೋ ಒದ್ದೆಯಾಗಿದೆ ಎಂದರ್ಥ. ಸದಾ ಬರುತ್ತಿದ್ದರೆ ಬೇರೆಯ ಅರ್ಥ. ಫಿನಾಯಿಲಿನ ವಾಸನೆ ಕಣ್ಣಲ್ಲಿ ನೀರು ಬರುವಷ್ಟಿದ್ದರೆ ಅದಕ್ಕೂ ಒಂದು ಅರ್ಥವುಂಟು.

ಪುತ್ತೂರಿನ ಸಂತ ಫಿಲೋಮಿನಾ ಹಾಗೂ ವಿವೇಕಾನಂದ ಕಾಲೇಜುಗಳಲ್ಲಿ, ಸುಳ್ಯದ ನೆಹರು ಮೆಮೋರಿಯಲ್ ಕಾಲೇಜಿನಲ್ಲಿ ಓದುವ ತರುಣರಿಗೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಹೊಸವಲ್ಲ; ಸುಳ್ಯದಲ್ಲಿ ವೈದ್ಯಕೀಯ ಕಾಲೇಜೂ ಇದೆ. ರಸ್ತೆಯ ಬದಿಯ ಕಸ ಹೆಕ್ಕುವುದರ ಜೊತೆಗೆ, ಅನುಮತಿ ಪಡೆದು, ಹಿರಿಯ ದಾದಿಯೊಬ್ಬಳ ಕೈಕೆಳಗೆ ನಾರ್ಟನ್ನಳ ಐದು ಅಂಕಗಳನ್ನು ಹಾಕಲು ಕಲಿತರೆ ಏನು ನಷ್ಟ? ಆ ಐದು ಅಂಕಗಳು ಶುಶ್ರೂಷಾಲಯಕ್ಕೆ ಮಾತ್ರ ಮೀಸಲಾದುವಲ್ಲ. ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಇನ್ನೂ ತಂತಮ್ಮ ಮನೆಗಳಲ್ಲೇ ಇದ್ದಾರೆ. ಸೊಸೆಯೋ ಮಗಳೋ ಒಬ್ಬಳೇ, ರಾತ್ರಿಯ ೪೮೦ ನಿಮಿಷಗಳನ್ನೂ ಹಗಲಿನ ಅಷ್ಟನ್ನೂ ಕೂಡಿಸಿಕೊಂಡು, ನೋಡಿಕೊಳ್ಳುತ್ತಿದ್ದಾಳೆ. ಅಲ್ಲಿ ಹೊರಳಿಸಲು ಬೇಕಾದ ಎರಡನೆಯ ಜೋಡಿ ಕೈಗಳು ಈ ಲೇಖನವನ್ನು ಓದುತ್ತಿರುವವರವೇ ಆಗಿರಬಹುದು.